ಮೊದಲು ಕೂವೆಮರ ಎಣಿಸಿ, ಆಮೇಲೆ ಹೆಸರಿಡಿ

ನೀವು ಕೇಳಿದ್ದು ಇಷ್ಟು: ಸ್ಪೇನಿನ ಕ್ಯಾಟಲೋನಿಯಾ ಕಡೆಯ ಕ್ಯಾಟಲಾನ್ ಭಾಷೆಯಲ್ಲಿರುವ ಹಳೇ ಹಾಯಿಹಡಗುಗಳ ಪಟ್ಟಿಯೊಂದನ್ನು ಇಂಗ್ಲಿಷಿಗೆ ತರುತ್ತಿದ್ದೀರಿ. ಅದರಲ್ಲಿ ನೌ, ಕೋಕಾ, ಬೆರ್ಗಂತಿ, ಕೊರ್ಬೇತಾ, ಪಾಯ್ಲೆಬೋತ್, ಲ್ಯಾಊತ್ ಎಂಬ ಹೆಸರುಗಳಿವೆ. ಇವನ್ನು ಭಾಷಾಂತರಿಸಬೇಕೇ, ಇದ್ದ ಹಾಗೇ ಬಿಡಬೇಕೇ?

ಅದನ್ನು ತೀರ್ಮಾನಿಸುವ ಮೊದಲು ಎರಡು ವಿಷಯ ಗೊತ್ತುಮಾಡಿಕೊಳ್ಳಿ. ಆ ಹಡಗು ಯಾವ ಶತಮಾನದ್ದು? ಎಷ್ಟು ಕೂವೆಮರ (ಹಾಯಿ ಕಟ್ಟುವ ಕಂಬ), ಯಾವ ಮರಕ್ಕೆ ಯಾವ ಹಾಯಿ? ಇವೆರಡು ತಿಳಿಯದೆ ನಿಘಂಟು ತೆರೆದರೆ ತಪ್ಪಾಗುವುದು ಖಂಡಿತ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಕೊರ್ಬೇತಾ ಕಂಡಲ್ಲೆಲ್ಲ 'ಕಾರ್ವೆಟ್' ಎಂದು ಬರೆದುಬಿಟ್ಟಿದ್ದೆ. ಇಂಗ್ಲಿಷ್ ಓದುಗನಿಗೆ ಕಾರ್ವೆಟ್ ಎಂದರೆ ತೋಪು ಹೊತ್ತ ಯುದ್ಧನೌಕೆ. ನಾನು ಅನುವಾದಿಸುತ್ತಿದ್ದ ಹಡಗುಗಳೋ, 19ನೇ ಶತಮಾನದಲ್ಲಿ ಬಾರ್ಸಿಲೋನಾದಿಂದ ಕ್ಯೂಬಾಕ್ಕೆ ದ್ರಾಕ್ಷಾರಸ ಸಾಗಿಸುತ್ತಿದ್ದ ಸರಕಿನ ಹಡಗುಗಳು. ಮೂರು ಕೂವೆಮರ, ಮುಂದಿನ ಎರಡಕ್ಕೆ ಅಡ್ಡಲಾಗಿ ಕಟ್ಟಿದ ಚೌಕ ಹಾಯಿ, ಹಿಂದಿನದಕ್ಕೆ ಹಡಗಿನ ಉದ್ದಕ್ಕೆ ಚಾಚಿದ ಹಾಯಿ. ಇಂಗ್ಲಿಷಿನಲ್ಲಿ ಇದರ ಹೆಸರು 'ಬಾರ್ಕ್'. ಒಂದು ಪದ ತಪ್ಪಿದ್ದಕ್ಕೆ ವ್ಯಾಪಾರಿಗಳ ಊರೊಂದು ನೌಕಾಪಡೆಯ ನೆಲೆಯಂತೆ ಕಾಣುತ್ತಿತ್ತು. ಫ್ರಗಾತಾ ವಿಷಯವೂ ಹೀಗೇ. ಅದೇ ಕಾಲದ ಸರಕಿನ ಫ್ರಗಾತಾ 'ಫ್ರಿಗೇಟ್' ಅಲ್ಲ, ಮೂರೂ ಮರಗಳಲ್ಲಿ ಚೌಕ ಹಾಯಿ ಇರುವ 'ಫುಲ್-ರಿಗ್ಡ್ ಶಿಪ್'. 16ನೇ ಶತಮಾನಕ್ಕೆ ಹೋದರಂತೂ ಅದೇ ಪದ ಹುಟ್ಟುಗೋಲಿನಿಂದ ನಡೆಸುವ ಒಂದು ಸಣ್ಣ ದೋಣಿಯ ಹೆಸರು.

ಬೆರ್ಗಂತಿಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನೋಡಲು 'ಬ್ರಿಗಂಟೀನ್' ಥರವೇ ಇದೆ. ಆದರೆ 19ನೇ ಶತಮಾನದ ಬೆರ್ಗಂತಿಯ ಎರಡೂ ಮರಗಳಲ್ಲಿ ಚೌಕ ಹಾಯಿ, ಹಾಗಾಗಿ ಅದು 'ಬ್ರಿಗ್'. ಮುಂದಿನ ಮರಕ್ಕೆ ಮಾತ್ರ ಚೌಕ ಹಾಯಿ ಇರುವ ಹಡಗನ್ನು ಕ್ಯಾಟಲಾನಿನಲ್ಲಿ ಬೆರ್ಗಂತಿ-ಗೊಲೇತಾ ಎನ್ನುತ್ತಾರೆ, ಇಂಗ್ಲಿಷಿನ 'ಬ್ರಿಗಂಟೀನ್' ಅದಕ್ಕೆ ಸರಿಹೊಂದುತ್ತದೆ. ಮಧ್ಯಯುಗದ ಬೆರ್ಗಂತಿ ಇವೆರಡೂ ಅಲ್ಲ, ಹುಟ್ಟುಗಳಿಂದ ಓಡುವ ಹಗುರ ನಾವೆ.

ಪಾಯ್ಲೆಬೋತ್ ನನಗೆ ಬಹಳ ಪ್ರೀತಿಯ ಪದ. ಅದು ಹುಟ್ಟಿದ್ದೇ ಇಂಗ್ಲಿಷಿನ 'ಪೈಲಟ್ ಬೋಟ್'ನಿಂದ. ಹಾಗೆಂದು ಹಿಂದಕ್ಕೆ ತಿರುಗಿಸಿ 'ಪೈಲಟ್ ಬೋಟ್' ಎಂದರೆ, ಓದುಗ ಬಂದರಿಗೆ ದಾರಿ ತೋರಿಸುವ ದೋಣಿ ಎಂದುಕೊಳ್ಳುತ್ತಾನೆ. ಬಾರ್ಸಿಲೋನಾದ ಹಳೇ ಬಂದರಿಗೆ ಹೋದರೆ ಅಲ್ಲಿನ ಕಡಲ ವಸ್ತುಸಂಗ್ರಹಾಲಯದ 'ಸಾಂತಾ ಎವುಲಾಲಿಯಾ' ಕಾಣುತ್ತದೆ. 1918ರಲ್ಲಿ ತೊರೆವಿಯೇಹಾದಲ್ಲಿ 'ಕಾರ್ಮೆನ್ ಫ್ಲೋರೆಸ್' ಎಂಬ ಹೆಸರಿನಲ್ಲಿ ಕಟ್ಟಿದ ಸರಕಿನ ಹಡಗು ಅದು. 1997ರಲ್ಲಿ ವಸ್ತುಸಂಗ್ರಹಾಲಯ ಅದನ್ನು ಕೊಂಡು ದುರಸ್ತಿ ಮಾಡಿಸಿತು. ಮೂರು ಕೂವೆಮರ, ಚೌಕ ಹಾಯಿ ಒಂದೂ ಇಲ್ಲ. ಕ್ಯಾಟಲಾನರು ಅದನ್ನು ಪಾಯ್ಲೆಬೋತ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ 'ಮೂರು ಮರದ ಸ್ಕೂನರ್' ಎನ್ನಬೇಕು. ಸ್ಕೂನರ್ ಎಂದರೆ ಹಡಗಿನ ಉದ್ದಕ್ಕೆ ಚಾಚಿದ ಹಾಯಿಗಳೇ ಮುಖ್ಯವಾದ ಹಡಗು. ತೊಡಕು ಬರುವುದು ಗೊಲೇತಾ ಕೂಡ ಅದೇ ಪುಟದಲ್ಲಿ ಬಂದಾಗ, ಏಕೆಂದರೆ ಗೊಲೇತಾ ಕೂಡ ಸ್ಕೂನರೇ. ಆಗ ಹಾಯಿ ನೋಡಿ. ಗೊಲೇತಾದ ಮೇಲ್ತುದಿಯಲ್ಲಿ ಚೌಕ ಹಾಯಿ ಇದ್ದರೆ ಅದನ್ನು 'ಟಾಪ್‌ಸೇಲ್ ಸ್ಕೂನರ್' ಎಂದು ಬರೆದು ಬೇರ್ಪಡಿಸಿ.

ಇನ್ನು ಹಳೇ ಪದಗಳು. ನೌ ನಮಗೆ ಕಿವಿಗೆ ಬಿದ್ದ ಕೂಡಲೇ ಪರಿಚಿತ. ಲ್ಯಾಟಿನ್ನಿನ 'ನಾವಿಸ್' ಅದರ ಮೂಲ. ನಮ್ಮ ನೌಕೆ, ನಾವೆಗಳ ಹಿಂದಿರುವ ಸಂಸ್ಕೃತದ 'ನೌ' ಅದರ ದಾಯಾದಿ. 1229ರಲ್ಲಿ ಅರಾಗಾನಿನ ದೊರೆ ಒಂದನೇ ಜೌಮೆ ಮಯೋರ್ಕಾ ದ್ವೀಪದ ಮೇಲೆ ದಂಡೆತ್ತಿ ಹೋದಾಗಿನ ಹಡಗುಪಡೆಯನ್ನು ಅವನ ವೃತ್ತಾಂತ ಎಣಿಸಿ ಹೇಳುತ್ತದೆ: 25 ನೌ, 18 ತರಿದಾ, 12 ಗ್ಯಾಲಿ (ಹುಟ್ಟುಗಳಿಂದ ಓಡುವ ಯುದ್ಧನೌಕೆ), ಜೊತೆಗೆ ಚಿಕ್ಕಪುಟ್ಟವು ನೂರು. ಇಂಥ ಕಡೆ ಎಲ್ಲವನ್ನೂ 'ಶಿಪ್' ಎಂದು ತೇಲಿಸಿಬಿಟ್ಟರೆ ದೊರೆ ಎಣಿಸಿದ್ದೇ ವ್ಯರ್ಥ. ನೌಗೆ 'ಶಿಪ್' ಇರಲಿ, ತರಿದಾಕ್ಕೆ 'ಟರೀಡ್' ಎಂದೇ ಬರೆದು, ಕುದುರೆ ಸಾಗಿಸುವ ಹಡಗು ಎಂದು ಮೊದಲ ಸಲ ಒಂದು ಮಾತು ಸೇರಿಸಿ. ಕುದುರೆ ಒಯ್ಯುವ ಇನ್ನೊಂದು ಹಡಗಿನ ಹೆಸರು ಉಶೇರ್. ಕುದುರೆ ಹತ್ತಲು ಒಡಲಿನಲ್ಲಿ ಬಾಗಿಲಿದ್ದದ್ದರಿಂದ ಬಾಗಿಲಿನ ಪದದಿಂದಲೇ ಅದಕ್ಕೆ ಹೆಸರು ಬಂತು. ಅದೇ ಪದಕ್ಕೆ ದ್ವಾರಪಾಲಕ ಎಂಬ ಅರ್ಥವೂ ಇದೆ. ಯಂತ್ರಾನುವಾದ ನಿಮ್ಮ ಯುದ್ಧದ ನಡುವೆ ದ್ವಾರಪಾಲಕನನ್ನು ತಂದು ನಿಲ್ಲಿಸದಂತೆ ನೋಡಿಕೊಳ್ಳಿ.

ಕೋಕಾಕ್ಕೆ 14ನೇ ಶತಮಾನದಲ್ಲಿ 'ಕಾಗ್' (ಒಂದೇ ಚೌಕ ಹಾಯಿಯ ಸರಕಿನ ಹಡಗು) ಸರಿ. ಆದರೆ ಮತರೋ ಊರಿನ ಗುಡಿಗೆ 15ನೇ ಶತಮಾನದಲ್ಲಿ ಹರಕೆಯಾಗಿ ಸಂದು, ಈಗ ರಾಟರ್‌ಡ್ಯಾಮಿನ ಕಡಲ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಹಡಗಿನ ಮಾದರಿಯನ್ನು ಕ್ಯಾಟಲಾನರು 'ಮತರೋದ ಕೋಕಾ' ಎಂದರೂ ಇಂಗ್ಲಿಷಿನಲ್ಲಿ 'ಮತರೋ ಶಿಪ್' ಎಂದೇ ರೂಢಿ. ಹಲಗೆಯ ಮೇಲೆ ಹಲಗೆ ಹೊದಿಸುವ ಉತ್ತರ ಯೂರೋಪಿನ ಕಾಗ್‌ಗಿಂತ ಅದರ ಕಟ್ಟೋಣ ಬೇರೆ. ಆ ರೂಢಿಯನ್ನು ಮುರಿಯಬೇಡಿ.

ಲ್ಯಾಊತ್ ಮಾತ್ರ ಹಾಗೇ ಇರಲಿ. ಈ ಪದಕ್ಕೆ ವೀಣೆಯಂಥ ವಾದ್ಯ ಎಂಬ ಅರ್ಥವೂ ಇದೆ, ಆದ್ದರಿಂದ 'ಲ್ಯೂಟ್' ಎಂದು ಬರೆದೀರಿ, ಜೋಕೆ. ಇದು ತ್ರಿಕೋನ ಹಾಯಿಯ ಕರಾವಳಿ ದೋಣಿ, ಮೀನುಗಾರರದ್ದು, ಸಣ್ಣ ಸರಕಿನದ್ದು. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ದೋಣಿಯೇ ಇಲ್ಲ. ನಾನು ಕುಂದಾಪುರದ ಕಡೆಯವನು. ನಮ್ಮ ಕರಾವಳಿಯ ಹಾಯಿಹಡಗುಗಳಾದ ಮಂಜಿಯನ್ನೂ ಪತ್ತೆಮಾರಿಯನ್ನೂ ಯಾರಾದರೂ ಅರಬ್ಬರ ಹಡಗಿನಂತೆ ಸುಮ್ಮನೆ 'ಧೋ' ಎಂದು ಬರೆದಾಗ ನನಗೆ ನೋವಾಗುತ್ತದೆ. ಬ್ರಿಟಿಷರು ಕೂಡ ಪತ್ತೆಮಾರಿಯನ್ನು 'ಪಟಮಾರ್' ಎಂದೇ ಬರೆದುಕೊಂಡರು, ಬೇರೆ ಹೆಸರು ಕೊಡಲಿಲ್ಲ. ಕ್ಯಾಟಲಾನ್ ಕರಾವಳಿಯ ಲ್ಯಾಊತಿಗೂ ಅಷ್ಟು ಮರ್ಯಾದೆ ಸಲ್ಲಬೇಕು. ತ್ರಿಕೋನ ಹಾಯಿಯ ಮೂರು ಮರದ ಹಡಗಾದ ಶಬೆಕ್‌ಗೆ ಆ ಚಿಂತೆ ಬೇಡ, 'ಝೀಬೆಕ್' ಎಂದು ಇಂಗ್ಲಿಷಿನಲ್ಲಿ ಆಗಲೇ ನೆಲೆಸಿದೆ.

ಹಡಗಿನ ಸ್ವಂತ ಹೆಸರನ್ನು ಎಲ್ಲೂ ಅನುವಾದಿಸಬೇಡಿ. ನಿಮ್ಮ ಪಟ್ಟಿಯ ಬೆರ್ಗಂತಿ ಯಾವ ವರ್ಷದ್ದು ಎಂದು ನೀವು ಬರೆದಿಲ್ಲ. ಅದನ್ನೂ, ಚಿತ್ರವಿದ್ದರೆ ಹಿಂದಿನ ಮರದ ಹಾಯಿ ಹೇಗಿದೆ ಎಂಬುದನ್ನೂ ತಿಳಿಸಿದರೆ ಆ ಒಂದು ಸಾಲನ್ನು ಒಟ್ಟಿಗೆ ಕೂತು ಸರಿಮಾಡೋಣ.