ನಿಂಜಾ ಅನ್ನುವುದು ಬಟ್ಟೆಯಾ, ಕಸುಬಾ?

ನಮ್ಮ ಕಾಮಿಕ್ಸ್ ಓದುಗರ ಗುಂಪಿನಲ್ಲಿ ನಿಮ್ಮ ಪ್ರಶ್ನೆ ನೋಡಿ ಎರಡು ದಿನ ಆಯಿತು. ಉತ್ತರ ಉದ್ದ ಆಗುತ್ತದೆ ಅಂತ ಮುಂದೂಡುತ್ತಾ ಬಂದೆ. ‘ಅಯಾಕಾಶಿ ಟ್ರಯಾಂಗಲ್’ ಎಂಬ ಜಪಾನಿ ಕಾಮಿಕ್ಸ್‌ನ 16 ಸಂಪುಟವೂ ಒಟ್ಟಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ, ತಗೊಳ್ಳಲಾ ಬೇಡವಾ? ಓದಿದವರಲ್ಲಿ ಅರ್ಧ ಜನ ಹೊಗಳುತ್ತಾರೆ, ಅರ್ಧ ಜನ ಉಗಿಯುತ್ತಾರೆ, ಯಾರ ಮಾತು ನಂಬುವುದು? ಮೇಲಾಗಿ ಮನೆಯಲ್ಲಿ 12 ವರ್ಷದ ತಂಗಿ ನಿಮ್ಮ ಕಪಾಟಿಗೇ ಕೈ ಹಾಕುತ್ತಾಳೆ. ಇಷ್ಟೇ ಅಲ್ವಾ?

ಮೊದಲು ತಂಗಿಯ ವಿಷಯ ಮುಗಿಸೋಣ. ಅವಳ ಕೈಗೆ ಸಿಗುವ ಕಪಾಟಿನಲ್ಲಿ ಇದು ಬೇಡವೇ ಬೇಡ. ಇಂಗ್ಲಿಷ್ ಆವೃತ್ತಿ ತಂದಿರುವುದು ಸೆವೆನ್ ಸೀಸ್ ಪ್ರಕಾಶನ, ಅದೂ ‘ಘೋಸ್ಟ್ ಶಿಪ್’ ಅನ್ನುವ ಹೆಸರಿನಲ್ಲಿ. ಆ ಹೆಸರು ಇಟ್ಟಿರುವುದೇ ದೊಡ್ಡವರ ಪುಸ್ತಕಗಳಿಗೆ. ಜಪಾನಿನಲ್ಲಿ ಹುಡುಗರ ವಾರಪತ್ರಿಕೆ ಶೋನೆನ್ ಜಂಪ್‌ನಲ್ಲಿ ಬಂದಿತ್ತಲ್ಲ, ಮಕ್ಕಳದ್ದೇ ಇರಬೇಕು ಅಂತ ಲೆಕ್ಕ ಹಾಕಬೇಡಿ. ಅಲ್ಲಿ 2020ರ ಜೂನ್‌ನಲ್ಲಿ ಶುರುವಾಗಿ, 2022ರಲ್ಲಿ ಆನ್‌ಲೈನ್‌ನ ಜಂಪ್ ಪ್ಲಸ್‌ಗೆ ಜಾಗ ಬದಲಾಯಿಸಿ, 2023ರಲ್ಲಿ ಮುಗಿಯಿತು.

ಈಗ ಅಭಿಪ್ರಾಯಗಳ ಜಗಳ. ಓದದವರೂ ಇಲ್ಲಿ ಇದ್ದಾರೆ, ಕಥೆ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಮತ್ಸುರಿ ಅನ್ನುವ ಹುಡುಗ ಭೂತ ಬಿಡಿಸುವ ನಿಂಜಾ. ಅವನ ಬಾಲ್ಯದ ಗೆಳತಿ ಸುಜುಗೆ ಭೂತಗಳು ಕಣ್ಣಿಗೆ ಕಾಣುತ್ತವೆ, ಭೂತಗಳಿಗೆ ಇವಳನ್ನು ಕಂಡರೆ ಬಾಯಲ್ಲಿ ನೀರು. ಶಿರೊಗಾನೆ ಎಂಬ ಬೆಕ್ಕಿನ ರೂಪದ ಭೂತರಾಜ ಅವಳನ್ನು ತಿನ್ನಲು ಬರುತ್ತಾನೆ. ಮತ್ಸುರಿ ಅವನ ಶಕ್ತಿಯನ್ನು ಕಟ್ಟಿಹಾಕುತ್ತಾನೆ. ಆದರೆ ಸೋಲುವ ಮುಂಚೆ ಬೆಕ್ಕು ಇವನನ್ನು ಹುಡುಗಿಯಾಗಿ ಬದಲಾಯಿಸಿಬಿಡುತ್ತದೆ. ಅಲ್ಲಿಂದ ಗಲಾಟೆ ಶುರು.

ಬರೆದವರು, ಚಿತ್ರ ಬಿಡಿಸಿದವರು ಇಬ್ಬರೂ ಒಬ್ಬರೇ, ಕೆಂಟಾರೋ ಯಾಬುಕಿ. ಇವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರುವುದು 2006ರಲ್ಲಿ ಶುರುವಾದ ‘ಟು ಲವ್ ರೂ’ ಇಂದ. ಅದಕ್ಕೆ ಕಥೆ ಸಾಕಿ ಹಸೆಮಿ ಅವರದು, ಚಿತ್ರ ಇವರದು. ಅಲ್ಲಿ ರಿತೋ ಎಂಬ ಹುಡುಗ ಹರುನಾಗೆ ಮನಸ್ಸಿನ ಮಾತು ಹೇಳಲು ಬಾಯಿ ತೆಗೆದಾಗಲೆಲ್ಲ ಏನಾದರೂ ಒಂದು ಬಂದು ಮೇಲೆ ಬೀಳುತ್ತದೆ. ಹಾರೆಮ್ ಕಾಮಿಡಿ ಅಂದರೆ ಇದೇ ಯಂತ್ರ. ಒಬ್ಬ ಹುಡುಗ, ಸುತ್ತ ನಾಲ್ಕೈದು ಹುಡುಗಿಯರು. ಹುಡುಗ ಒಬ್ಬಳನ್ನು ಆರಿಸಿದರೆ ಕಥೆ ಮುಗಿಯಿತು. ಹಾಗಾಗಿ ಅವನು ಆರಿಸದ ಹಾಗೆ ಪ್ರತಿ ವಾರ ಒಂದು ಅಡ್ಡಿ ಹುಟ್ಟಿಸಬೇಕು. ಲೇಖಕರ ಅರ್ಧ ಆಯಸ್ಸು ಅಡ್ಡಿ ಹುಡುಕುವುದರಲ್ಲೇ ಕಳೆಯುತ್ತದೆ.

ನೀವು ನೋಡಿದ ಅಭಿಪ್ರಾಯಗಳಲ್ಲಿ ಉಗಿಯುವವರು ಜಾಸ್ತಿ ಇರುವುದು ಆ ಹಳೆಯ ಯಂತ್ರವನ್ನೇ ಹುಡುಕಿಕೊಂಡು ಬಂದವರಲ್ಲಿ. ಇಲ್ಲಿ ಮತ್ಸುರಿ, ಸುಜು ಇಬ್ಬರ ಮನಸ್ಸೂ ಓದುಗರಿಗೆ ಮೊದಲೇ ಗೊತ್ತು. ಹೆಸರಿನಲ್ಲೇ ಟ್ರಯಾಂಗಲ್ ಇದೆ, ಜನ ಅಂತಃಪುರ ಹುಡುಕುತ್ತಾರೆ! ಇನ್ನು ಕೆಲವರು ನಿಂಜಾ ಕಾಳಗಕ್ಕೆ ಬಂದವರು. ಕಾಳಗದ ಮಧ್ಯೆ ಮೈ ತೋರಿಸುವ ಪುಟಗಳು ಬಂದಾಗ ಅವರಿಗೆ ರೇಗುತ್ತದೆ. ಹುಡುಗಿಯಾದ ಹುಡುಗನ ಗೊಂದಲಕ್ಕೆ ಬಂದವರು ಮಾತ್ರ ಬಹುಪಾಲು ಕೊನೆಯವರೆಗೂ ಇದ್ದಾರೆ. ಅವರು ಬರೆದಿದ್ದನ್ನು ಹುಡುಕಿ ಓದಿ. ‘ಸೂಪರ್’, ‘ಬೋರ್’ ಎಂಬ ಒಂದು ಪದದ ಅಭಿಪ್ರಾಯಗಳನ್ನು ಪಕ್ಕಕ್ಕೆ ಹಾಕಿ. ಎಷ್ಟನೇ ಸಂಪುಟಕ್ಕೆ ಬಿಟ್ಟರು ಎಂದು ಹೇಳದವರನ್ನೂ ಅಷ್ಟೇ. 2023ರ ಅನಿಮೆಯ, ಅಂದರೆ ಕಾರ್ಟೂನ್ ಸರಣಿಯ, 12 ಕಂತು ನೋಡಿ ಪುಸ್ತಕದ ಬಗ್ಗೆ ತೀರ್ಪು ಕೊಟ್ಟವರೂ ಇದ್ದಾರೆ. ಅದು ಊಟದ ಎಲೆಯಲ್ಲಿ ಉಪ್ಪಿನಕಾಯಿ ನೆಕ್ಕಿ ಎದ್ದ ಹಾಗೆ.

ನನ್ನದೇ ಅಭಿಪ್ರಾಯ ಕೇಳಿದರೆ, ಮೂರನೇ ಸಂಪುಟಕ್ಕೆ ನಿಲ್ಲಿಸಿದೆ. ಯಾಬುಕಿ ಅವರ ಗೆರೆ ನೋಡುತ್ತಾ ಕೂರಬಹುದು, ಸುಳ್ಳು ಹೇಳಲ್ಲ. ಆದರೆ ಪಾತ್ರಗಳು ಹೈಸ್ಕೂಲ್ ಮಕ್ಕಳು. ಅವರನ್ನು ಹಾಗೆ ಬಿಡಿಸುವುದು ನನಗೆ ಹಿಡಿಸಲಿಲ್ಲ. ಬೇರೆಯವರು ಅದನ್ನು ದಾಟಿ ಮುಂದೆ ಹೋದರು, ನನಗೆ ಆಗಲಿಲ್ಲ.

ಆದರೆ ನಿಮ್ಮ ಪ್ರಶ್ನೆ ಒಂದು ಪುಸ್ತಕದ್ದಲ್ಲ ಅನ್ನಿಸಿತು. ನಿಂಜಾ, ಪ್ರೇಮ, ನಗು ಮೂರೂ ಸೇರಿದ್ದು ನಿಮಗೆ ಬೇಕು. ಅಂಥದ್ದನ್ನು ಕೈಗೆತ್ತಿಕೊಂಡಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಲ್ಲಿ ನಿಂಜಾ ಅನ್ನುವುದು ಬಟ್ಟೆಯಾ, ಕಸುಬಾ?

ಜಪಾನಿನ ಇಗಾ, ಕೋಕಾ ಕಡೆಯ ಶಿನೊಬಿ ವಿದ್ಯೆಯನ್ನು, ಅಂದರೆ ನಿಂಜಾ ವಿದ್ಯೆಯನ್ನು, ಒಟ್ಟುಮಾಡಿ 1676ರಲ್ಲಿ ಬರೆದ ‘ಬನ್ಸೆನ್‌ಶೂಕಾಯ್’ ಎಂಬ ಗ್ರಂಥ ಇದೆ. ಅದರಲ್ಲಿ ಹಾರುವುದು, ಕತ್ತಿ ಬೀಸುವುದಕ್ಕಿಂತ ವೇಷ ಮರೆಸುವುದು, ಸುದ್ದಿ ತೆಗೆಯುವುದು, ಬೇಲಿ ದಾಟಿ ಒಳಗೆ ನುಸುಳುವುದು, ಬೆಂಕಿಯ ಕೆಲಸ, ಇಂಥವೇ ಮುಖ್ಯ. ಯಾರ ಕಣ್ಣಿಗೂ ಬೀಳದೆ ಇರುವುದೇ ಈ ಕಸುಬು. ಈಗ ಅಂಥವನಿಗೋ ಅಂಥವಳಿಗೋ ಪ್ರೀತಿ ಹುಟ್ಟಿದರೆ? ಪ್ರೀತಿಯಲ್ಲಿ ಬಿದ್ದವರಿಗೆ ಬೇಕಾಗಿರುವುದು ಒಂದೇ, ಆ ಒಬ್ಬರು ತನ್ನನ್ನು ನೋಡಬೇಕು. ಕಣ್ಣಿಗೆ ಬೀಳಬಾರದು ಎಂದು ಹುಟ್ಟಿದಾಗಿನಿಂದ ಕಲಿತವಳು, ಕಣ್ಣಿಗೆ ಬೀಳಲು ಒದ್ದಾಡುತ್ತಾಳೆ. ನಗು ಇರುವುದು ಅಲ್ಲಿ. ನಿಂಜಾ ಬರೀ ಕಪ್ಪು ಬಟ್ಟೆಯಾದರೆ ಲೇಖಕರಿಗೆ ಬೇರೆ ದಾರಿ ಇಲ್ಲ, ಬಾಗಿಲು ತೆಗೆದರೆ ಯಾರೋ ಯಾರದೋ ಮೇಲೆ ಬೀಳಬೇಕು.

ಹೆಣ್ಣು ನಿಂಜಾಗೆ ಹೇಳುವ ಕುನೊಯಿಚಿ ಅನ್ನುವ ಪದವನ್ನೇ ನೋಡಿ. ಜಪಾನಿ ಲಿಪಿಯಲ್ಲಿ ‘ಹೆಣ್ಣು’ ಎಂಬ ಅಕ್ಷರಕ್ಕೆ ಮೂರು ಗೆರೆ. ಆ ಮೂರನ್ನು ಬಿಡಿಸಿಟ್ಟರೆ ಕು, ನೋ, ಇಚಿ ಎಂದು ಓದಬಹುದು. ಪದದಲ್ಲೇ ಹೆಣ್ಣನ್ನು ಬಚ್ಚಿಟ್ಟಿದ್ದಾರೆ. ಈ ಪದ ಬನ್ಸೆನ್‌ಶೂಕಾಯ್‌ನಲ್ಲೂ ಇದೆ. ಆದರೆ ನಾವು ಕಾಮಿಕ್ಸ್‌ನಲ್ಲಿ ನೋಡುವ ಕತ್ತಿ ಹಿಡಿದ ಕುನೊಯಿಚಿ ಬಹುಮಟ್ಟಿಗೆ ಕಾದಂಬರಿ, ಸಿನಿಮಾಗಳು ಬೆಳೆಸಿದ ರೂಪ.

ಹಳೆಯದರಿಂದ ಒಂದು ಉದಾಹರಣೆ. ರುಮಿಕೊ ತಾಕಾಹಾಶಿ ಅವರ ‘ರನ್ಮಾ’ ಗೊತ್ತಲ್ಲ, 1987ರಿಂದ 1996ರವರೆಗೆ 38 ಸಂಪುಟ. ಅದರ ಕೊನೆಕೊನೆಗೆ ಕೊನಾತ್ಸು ಎಂಬ ಪಾತ್ರ ಬರುತ್ತದೆ. ಅಪ್ರತಿಮ ಕುನೊಯಿಚಿ, ಆದರೆ ಗಂಡು! ಮಲತಾಯಿ, ಮಲಸೋದರಿಯರ ಕೈಯಲ್ಲಿ ದುಡಿದು ಸವೆದವನು. ಉಕ್ಯೋ ಎಂಬ ಹುಡುಗಿ ತನ್ನ ಒಕೊನೊಮಿಯಾಕಿ ಅಂಗಡಿಯಲ್ಲಿ ಇವನಿಗೆ ಕೆಲಸ ಕೊಡುತ್ತಾಳೆ. ಒಕೊನೊಮಿಯಾಕಿ ಅಂದರೆ ಎಲೆಕೋಸು ಹಾಕಿದ ದಪ್ಪ ದೋಸೆ ಅಂದುಕೊಳ್ಳಿ. ಅಷ್ಟು ದೊಡ್ಡ ವಿದ್ಯೆ ದೋಸೆ ಅಂಗಡಿಗೆ ಬಂದು ನಿಂತಿದೆ. ಅವನಿಗೋ ಒಡತಿಯ ಮೇಲೆ ಮನಸ್ಸು, ಸಿಕ್ಕಿದ್ದರಲ್ಲೇ ಸಂತೋಷ. ಇದು ಕಸುಬಿನಿಂದ ಹುಟ್ಟಿದ ನಗು. ಆದರೆ ರನ್ಮಾದಲ್ಲೂ ಬಟ್ಟೆ ಇಲ್ಲದ ತಮಾಷೆಗಳು ಬರುತ್ತವೆ, ತಂಗಿಗೆ ಕೊಡುವ ಮುಂಚೆ ನೀವೇ ಒಮ್ಮೆ ತಿರುವಿ ಹಾಕಿ.

ನಾನು ಖಂಡಿತ ಓದಿ ಅನ್ನುವುದು ಎರಡು. ಒಂದು, ಸೋಇಚಿರೋ ಯಮಾಮೊತೊ ಅವರ ‘ಕುನೊಯಿಚಿ ತ್ಸುಬಾಕಿ ನೊ ಮುನೆ ನೊ ಉಚಿ’, ತ್ಸುಬಾಕಿ ಎಂಬ ಹುಡುಗಿಯ ಕಥೆ. 2022ರಲ್ಲಿ ಅನಿಮೆಯಾಗಿಯೂ ಬಂತು. ಹೆಣ್ಣು ನಿಂಜಾಗಳದ್ದೇ ಒಂದು ಊರು, ಗಂಡಸರಿಗೆ ಪ್ರವೇಶ ಇಲ್ಲ, ಗಂಡಸರ ಹತ್ತಿರ ಹೋಗುವುದೂ ತಪ್ಪು. ಮಕ್ಕಳಿಗೆಲ್ಲ ಹೂವಿನ ಹೆಸರು. ತ್ಸುಬಾಕಿ ಆ ಗುಂಪಿನಲ್ಲೇ ಜಾಣೆ, ಎಲ್ಲರಿಗೂ ಮಾದರಿ. ಆದರೆ ಗಂಡು ಎಂಬ ಪದ ಕಿವಿಗೆ ಬಿದ್ದರೆ ಸಾಕು ಅವಳ ಎದೆ ಡವಗುಟ್ಟುತ್ತದೆ. ಯಾಕೆ ಅಂತ ಅವಳಿಗೇ ಗೊತ್ತಿಲ್ಲ, ಕೇಳೋಣ ಅಂದರೆ ಮರ್ಯಾದೆ ಹೋಗುತ್ತದೆ. ನೋಡಿ, ಹಾರೆಮ್ ಕಥೆಯಿಂದ ನಡುವಿನ ಹುಡುಗನನ್ನೇ ಎತ್ತಿ ಆಚೆ ಇಟ್ಟರೆ ಹೇಗಿರುತ್ತದೆ! ಅವನು ಇಲ್ಲದಿರುವುದೇ ಇಲ್ಲಿ ತಮಾಷೆ. ಅಡ್ಡಿಯನ್ನು ವಾರವಾರ ಹುಟ್ಟಿಸುವ ಕಷ್ಟವೂ ಇಲ್ಲ, ಊರಿನ ಕಟ್ಟಳೆಯೇ ಅಡ್ಡಿ.

ಇನ್ನೊಂದು, ನವೋಕಿ ಶಿಗೆನೊ ಅವರ ‘ನೊಬುನಾಗಾ ನೊ ಶಿನೊಬಿ’. ಇಂಗ್ಲಿಷ್‌ನಲ್ಲಿ ಯೆನ್ ಪ್ರೆಸ್ ತಂದಿದೆ, ಹೆಸರು ‘ನಿಂಜಾ ಗರ್ಲ್ ಅಂಡ್ ಸಮುರಾಯ್ ಮಾಸ್ಟರ್’. ನಾಲ್ಕು ಚೌಕದ ಚಿಕ್ಕ ಚಿಕ್ಕ ಜೋಕುಗಳು. ಚಿದೋರಿ ಎಂಬ ಪುಟ್ಟ ಹುಡುಗಿ ನೀರಿನಲ್ಲಿ ಮುಳುಗುತ್ತಿದ್ದಾಗ ಓದಾ ನೊಬುನಾಗಾ ಎಂಬ ಸಮುರಾಯ್ ದೊರೆ ಕಾಪಾಡುತ್ತಾನೆ. ಬೆಳೆದು ದೊಡ್ಡವಳಾಗಿ ಅವನ ನಿಂಜಾ ಆಗುತ್ತಾಳೆ. ಮಗುವಿನ ಮುಖ, ಕೆಲಸ ಮಾತ್ರ ಭಯಂಕರ. ಅವಳ ಜೊತೆಗಾರ ಸುಕೆಜೊಗೆ ಅವಳ ಮೇಲೆ ಪ್ರಾಣ, ಅವಳಿಗೆ ಅದರ ಗಾಳಿಯೂ ಸೋಕುವುದಿಲ್ಲ. ನಗುತ್ತಾ ಹೋಗುತ್ತೀರಿ, ಆದರೆ ಹೊಟ್ಟೆಯಲ್ಲಿ ಒಂದು ಸಂಕಟ ಇದ್ದೇ ಇರುತ್ತದೆ. 1582ರಲ್ಲಿ ಹೊನ್ನೋ-ಜಿ ದೇವಸ್ಥಾನದಲ್ಲಿ ನೊಬುನಾಗಾ ತನ್ನವರದೇ ದ್ರೋಹಕ್ಕೆ ಸಿಕ್ಕಿ ಸತ್ತ ಅಂತ ಜಪಾನಿನ ಶಾಲೆ ಮಕ್ಕಳಿಗೂ ಗೊತ್ತು. ಅವನನ್ನು ಕಾಯಲು ಹೊರಟ ಈ ಹುಡುಗಿಗೆ ಮಾತ್ರ ಗೊತ್ತಿಲ್ಲ. ಯುದ್ಧ, ಸಾವು ಇವೆ, ತಂಗಿಗೆ ಇನ್ನೆರಡು ವರ್ಷ ಹೋಗಲಿ.

ಅಲ್ಲಿಯವರೆಗೆ ತಂಗಿಗೆ ‘ನಿಂಜಾ ಹಟ್ಟೋರಿ’ ಸಾಕು. ಟಿವಿಯಲ್ಲಿ ನೋಡಿ ಬೆಳೆದವರು ಈ ಗುಂಪಿನಲ್ಲಿ ಕಡಿಮೆ ಇಲ್ಲ. ಫುಜಿಕೊ ಫುಜಿಯೊ ಎ ಅವರು ಅದನ್ನು ಶುರು ಮಾಡಿದ್ದು 1964ರಲ್ಲಿ. ಅಷ್ಟು ದೊಡ್ಡ ನಿಂಜಾ ಕಪ್ಪೆ ಕಂಡರೆ ಕುಸಿದು ಬೀಳುತ್ತಾನೆ, ನೆನಪಿದೆಯಾ?

ಕೊಳ್ಳುವ ಬಗ್ಗೆ ಒಂದು ಮಾತು. 16 ಒಟ್ಟಿಗೆ ಬೇಡ. ಮೊದಲ ಎರಡನ್ನು ಯಾರ ಹತ್ತಿರವಾದರೂ ಎರವಲು ತಂದು ಓದಿ. ಕಟ್ಟು ಕಟ್ಟಾಗಿ ಮಾರುವವರು ಮಧ್ಯದ ಸಂಪುಟ ಇಲ್ಲದಿದ್ದರೂ ‘ಫುಲ್ ಸೆಟ್’ ಅನ್ನುತ್ತಾರೆ. ನನಗೆ ಹೀಗೇ ಏಳರ ನಂತರ ಒಂಬತ್ತು ಬಂದಿತ್ತು. ಎಲ್ಲ ಬೆನ್ನುಗಳೂ ಕಾಣುವ ಹಾಗೆ ಒಂದು ಫೋಟೊ ತರಿಸಿಕೊಳ್ಳಿ. ವಿಜ್ ಪ್ರಕಾಶನದ ಪುಸ್ತಕವಾದರೆ ಹಿಂದಿನ ರಟ್ಟಿನ ಮೇಲೆ ಟಿ, ಟಿ ಪ್ಲಸ್, ಎಂ ಎಂಬ ಗುರುತು ನೋಡಿ. ಎಂ ಇದ್ದರೆ ದೊಡ್ಡವರಿಗೆ.

ಇನ್ನೊಂದು, ಬಸ್ಸಿನಲ್ಲಿ ಓದಬೇಡಿ. ಮೈಸೂರಿನಿಂದ ಬರುವಾಗ ಇದೇ ಅಯಾಕಾಶಿಯ ಎರಡನೇ ಸಂಪುಟ ತೆಗೆದಿದ್ದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬರು ಅಜ್ಜಿ. ಎಡದಿಂದ ಬಲಕ್ಕೆ ಪುಟ ತಿರುಗಿಸುವುದನ್ನು ನೋಡಿ, “ಯಾಕಪ್ಪಾ ಉಲ್ಟಾ ಓದ್ತಿದೀಯ?” ಎಂದು ಬಗ್ಗಿದರು. ಆ ಹೊತ್ತಿಗೆ ಸರಿಯಾಗಿ ಬರಬಾರದ ಪುಟ ಬಂದಿತ್ತು. ಪಟ್ಟನೆ ದಿನಪತ್ರಿಕೆಯ ಒಳಗೆ ತುರುಕಿದೆ. ಮದ್ದೂರು ಬರುವವರೆಗೂ ತಲೆ ಎತ್ತಲಿಲ್ಲ.

ಚಿದೋರಿಯ ಮೊದಲ ಮೂರು ನನ್ನ ಹತ್ತಿರ ಇವೆ, ಭಾನುವಾರ ತರುತ್ತೇನೆ. ನನ್ನ ರನ್ಮಾ ಕೊನೆಯ ಸಂಪುಟ ಯಾರ ಮನೆಯಲ್ಲಿದೆಯೋ, ದಯವಿಟ್ಟು ಅವರೂ ತನ್ನಿ. ಎರಡು ವರ್ಷ ಆಯಿತು.