ಓದುಗರ ಪ್ರಶ್ನೆ: ಎತ್ತರದ ಹುಡುಗ ಜಾಕಿಯಾಗಬಹುದೇ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಹದಿನಾರು ವರ್ಷ. ರೇಸ್ ಕೋರ್ಸ್ ನೋಡಿಕೊಂಡೇ ಬೆಳೆದ ಅವನು ರೇಸ್ ಕುದುರೆ ಓಡಿಸುವ ಜಾಕಿಯಾಗುತ್ತೇನೆಂದು ಹಟ ಹಿಡಿದಿದ್ದಾನೆ. ಈಗಲೇ 5 ಅಡಿ 6 ಅಂಗುಲ ಎತ್ತರವಿದ್ದಾನೆ. ಕುಳ್ಳಗಿರುವವರಿಗಷ್ಟೇ ಈ ಕೆಲಸ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲಿ ಲೆಕ್ಕಕ್ಕೆ ಬರುವುದು ಎತ್ತರವಲ್ಲ, ತೂಕ. ಯಾವ ಕುದುರೆ ಎಷ್ಟು ಭಾರ ಹೊರಬೇಕೆಂಬುದು ರೇಸಿಗೆ ಮುಂಚೆಯೇ ನಿರ್ಧಾರವಾಗಿರುತ್ತದೆ. ಜಾಕಿ ತನ್ನ ಜೀನಿನೊಂದಿಗೇ ತೂಕದ ಯಂತ್ರವೇರುತ್ತಾನೆ; ಭಾರ ಸಾಲದಿದ್ದರೆ ಜೀನಿಗೆ ಸೀಸದ ತುಂಡುಗಳನ್ನು ಸೇರಿಸಬಹುದು, ಆದರೆ ಮೈಯ ತೂಕವೇ ಮಿತಿ ಮೀರಿದ್ದರೆ ಅದನ್ನು ಅಲ್ಲಿ ಇಳಿಸಿಡಲಾಗುವುದಿಲ್ಲ. ರೇಸ್ ಮುಗಿದ ಮೇಲೆ ಮತ್ತೆ ತೂಗುತ್ತಾರೆ.

ಎತ್ತರದವರಲ್ಲಿ ನನಗೆ ಮೊದಲು ನೆನಪಾಗುವವರು ಇಂಗ್ಲೆಂಡಿನ ಲೆಸ್ಟರ್ ಪಿಗಟ್. 5 ಅಡಿ 8 ಅಂಗುಲದ ಆ ಮನುಷ್ಯ ದಶಕಗಳ ಕಾಲ ಸುಮಾರು 53 ಕಿಲೊ ತೂಕದಲ್ಲಿಯೇ ಸವಾರಿ ಮಾಡಿದರು. ಅದು ಅವರ ಸಹಜ ತೂಕಕ್ಕಿಂತ ಹತ್ತು ಕಿಲೊಗೂ ಕಡಿಮೆ. 1948ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಮೊದಲ ರೇಸ್ ಗೆದ್ದ ಪಿಗಟ್ ಇಂಗ್ಲೆಂಡಿನ ಹೆಸರಾಂತ ರೇಸಾದ ಎಪ್ಸಮ್ ಡರ್ಬಿಯನ್ನು ಒಂಬತ್ತು ಸಲ ಗೆದ್ದರು. ಬ್ರಿಟನ್ನಿನ ಫ್ಲ್ಯಾಟ್ ರೇಸುಗಳಲ್ಲಿ (ಹಾರಬೇಕಾದ ಅಡೆತಡೆಗಳಿಲ್ಲದ ಓಟಗಳಲ್ಲಿ) ಅವರ ಒಟ್ಟು ಗೆಲುವು 4,493. ರಿಕಾಪುಗಳನ್ನು ತೀರ ಗಿಡ್ಡ ಮಾಡಿಕೊಂಡು, ಸೊಂಟವನ್ನು ಎತ್ತರಕ್ಕೆತ್ತಿ, ಕುದುರೆಯ ಬೆನ್ನಿನ ಮೇಲೆ ಹಕ್ಕಿಯಂತೆ ಕೂರುತ್ತಿದ್ದ ಅವರ ಭಂಗಿಯನ್ನು ಆಮೇಲೆ ಬಂದವರು ಅನುಕರಿಸಿದರು. 1977ರ ಡರ್ಬಿಯಲ್ಲಿ ಜನರ ಗದ್ದಲಕ್ಕೆ ಬೆದರದಿರಲೆಂದು ದಿ ಮಿನ್‌ಸ್ಟ್ರಲ್ ಎಂಬ ಕುದುರೆಯ ಕಿವಿಗೆ ಹತ್ತಿ ತುರುಕಿ, ಓಟ ಶುರುವಾಗುವ ಹೊತ್ತಿಗೆ ತೆಗೆದಿದ್ದರು. ಅದೇ ಕುದುರೆಯನ್ನು ಕೊನೆಯ ಕ್ಷಣದವರೆಗೂ ಹುರಿದುಂಬಿಸಿ ಪಿಗಟ್ ಒಂದು ಕತ್ತಿನಷ್ಟು ಅಂತರದಲ್ಲಿ ಗೆಲ್ಲಿಸಿದರು.

1985ರಲ್ಲಿ ನಿವೃತ್ತರಾಗಿ, ತೆರಿಗೆ ವಂಚನೆಗಾಗಿ ಒಂದು ವರ್ಷ ಜೈಲಿನಲ್ಲಿದ್ದು ಬಂದವರು 1990ರ ಅಕ್ಟೋಬರಿನಲ್ಲಿ ಮತ್ತೆ ಕುದುರೆಯೇರಿ, ಹನ್ನೆರಡೇ ದಿನಗಳಲ್ಲಿ ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ರಾಯಲ್ ಅಕಾಡೆಮಿ ಎಂಬ ಕುದುರೆಯ ಮೇಲೆ, ಅಮೆರಿಕದ ದೊಡ್ಡ ರೇಸ್ ಕೂಟವಾದ ಬ್ರೀಡರ್ಸ್ ಕಪ್ಪಿನ ಮೈಲ್ ರೇಸ್ ಗೆದ್ದಾಗ ಅವರಿಗೆ 54 ವರ್ಷ. ಎರಡು ವರ್ಷಗಳ ನಂತರ ಅದೇ ಕೂಟದ ಮತ್ತೊಂದು ರೇಸಿನಲ್ಲಿ ಕುದುರೆ ಕಾಲು ಮುರಿದುಕೊಂಡು ಬಿದ್ದಾಗ ಅವರ ಕೊರಳೆಲುಬೂ ಪಕ್ಕೆಲುಬುಗಳೂ ಮುರಿದವು. ಓಡುವ ಕುದುರೆಗಳ ಹಿಂದೆಯೇ ಆಂಬುಲೆನ್ಸ್ ಸಾಗುವುದನ್ನು ನಿಮ್ಮ ಹುಡುಗ ರೇಸ್ ಕೋರ್ಸಿನಲ್ಲಿ ನೋಡಿಯೇ ಇರುತ್ತಾನೆ. ಅದು ಏಕಿದೆಯೆಂದು ಅವನಿಗೆ ಬಿಡಿಸಿ ಹೇಳಿ.

ಆದ್ದರಿಂದ ಎತ್ತರದ ಕಾರಣಕ್ಕೇ ಅವನನ್ನು ತಡೆಯಬೇಡಿ. ಆದರೆ ತೂಕ ಇಳಿಸಿಟ್ಟುಕೊಳ್ಳಲು ಪಿಗಟ್ ಸಹಿಸಿದ ಹಸಿವನ್ನು ಅವನು ಆದರ್ಶವಾಗಿಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹದಿನಾರರಲ್ಲಿ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ. ಉಪವಾಸದಿಂದಲೂ ಬೆವರಿಳಿಸುವ ಸಾಹಸದಿಂದಲೂ ತೂಕ ಕಳೆಯಹೊರಟರೆ, ಮುಂದೆ ಬಿದ್ದಾಗ ಮುರಿಯುವುದು ಅದೇ ಮೂಳೆ. ಅವನು ಇನ್ನೆಷ್ಟು ಬೆಳೆಯಬಹುದು, ಎಷ್ಟು ತೂಕದಲ್ಲಿ ಆರೋಗ್ಯವಾಗಿರಬಲ್ಲ ಎಂಬುದನ್ನು ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ತೂಕ ಹೊಂದದಿದ್ದರೂ ಲಾಯದಲ್ಲಿ ಕುದುರೆಗಳನ್ನು ತಾಲೀಮು ಮಾಡಿಸುವ ಸವಾರರ ಕೆಲಸವಿದೆ, ಮುಂದೆ ಟ್ರೇನರ್ ಆಗುವ ದಾರಿಯೂ ಇದೆ. ಪರಿಚಯದ ಟ್ರೇನರೊಬ್ಬರ ಅನುಮತಿ ಪಡೆದು, ಈ ರಜೆಯಲ್ಲಿ ಅವನನ್ನು ನಸುಕಿನಲ್ಲೇ ಲಾಯಕ್ಕೆ ಕಳುಹಿಸಿ. ಲದ್ದಿ ಬಾಚಿ, ಕುದುರೆಯ ಮೈ ಉಜ್ಜಿ ಎರಡು ತಿಂಗಳು ಕಳೆದ ಮೇಲೂ ಅವನು ತಾನಾಗಿಯೇ ನಾಲ್ಕು ಗಂಟೆಗೆ ಏಳುತ್ತಿದ್ದರೆ, ತರಬೇತಿಗೆ ಅರ್ಜಿ ಹಾಕುವ ಮಾತನ್ನು ಆಗ ಮನೆಯವರೆಲ್ಲ ಕೂತು ಆಡಬಹುದು.