ಸಾಲ ವಸೂಲಿಯ ಕರೆ ನಿಜವೋ ನಕಲಿಯೋ ಅಂತ ತಿಳಿಯುವುದು ಹೇಗೆ?

"ಸಾಲದ ವಿವರ ಬರಹದಲ್ಲಿ ಕಳಿಸಿ, ಆಮೇಲೆ ಮಾತಾಡೋಣ" ಎಂದು ಹೇಳಿ ನೋಡಿ. ಯಾರಿಂದ ಪಡೆದ ಸಾಲ, ಎಷ್ಟು ಬಾಕಿ ಎಂದು ತಿಳಿಸಲು ನಿಜವಾದ ವಸೂಲಿಗಾರರಿಗೆ ಕಷ್ಟವಿಲ್ಲ. ನಕಲಿಯವರು ಮಾತು ತಿರುಗಿಸುತ್ತಾರೆ, ಈಗಲೇ ಕಟ್ಟದಿದ್ದರೆ ಪೊಲೀಸರು ಬರುತ್ತಾರೆ ಎಂದು ಹೆದರಿಸುತ್ತಾರೆ. ಆ ಅವಸರವೇ ಅವರ ಬಂಡವಾಳ. ನೀವು ಫೋನ್ ಇಟ್ಟು ವಿಚಾರಿಸಿದರೆ ಸುಳ್ಳು ಬಯಲಾಗುತ್ತದಲ್ವಾ?

ನಿಮ್ಮ ಹೆಸರು, ವಿಳಾಸ ಸರಿಯಾಗಿ ಹೇಳಿದರು ಅಂತ ನಂಬಬೇಡಿ. ಸೋರಿಕೆಯಾದ ಮಾಹಿತಿ ಇಂಥವರ ಕೈಗೆ ಸಿಗುತ್ತದೆ. ಫೋನಿನಲ್ಲಿ ಕಾಣುವ ನಂಬರನ್ನೂ ಬದಲಿಸಿ ತೋರಿಸಬಹುದು. ಹಾಗಾಗಿ ಕರೆ ಕಟ್ ಮಾಡಿ, ನಿಮ್ಮ ಸಾಲದ ಪತ್ರದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಒಟಿಪಿ, ಖಾತೆ ಸಂಖ್ಯೆ ಹೇಳಬೇಡಿ. ಕಾಟ ತಪ್ಪಲಿ ಅಂತ ಸ್ವಲ್ಪ ದುಡ್ಡು ಕಳಿಸುವುದಂತೂ ಬೇಡವೇ ಬೇಡ. ಒಮ್ಮೆ ಕೊಟ್ಟವರಿಗೆ ಕಾಟ ಜಾಸ್ತಿಯೇ ಆಗುತ್ತದೆ.